ಹಡಗಿನ ಟೈಮಿಗೆ ಹೊರಟ ಹಿರಿಯರು

ಕಿನುಯಕ್ಕನ ಬಾಯಿಗೆ ಹೆದರದವರು ನಮ್ಮ ಇಸೊನೊತ್ಸು ಬಂದರಿನಲ್ಲಿ ಇಬ್ಬರೇ ಇದ್ದರು. ಒಬ್ಬ ಅವಳ ಗಂಡ ಮೊರಿಯೊ. ಅವನು ಅವಳು ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಇನ್ನೊಬ್ಬಳು ಕಗಾಯಾ ಮಿಠಾಯಿ ಅಂಗಡಿಯ ಮುದುಕಿ ಈಸೆ. ಅವಳ ಬಾಯಿ ಇನ್ನೂ ಜೋರು. ಹೋದ ಚಳಿಗಾಲದಲ್ಲಿ ಒಬ್ಬರ ಹಿಂದೆ ಒಬ್ಬರು ಇಬ್ಬರೂ ಸತ್ತರು. ಅಲ್ಲಿಗೆ ಆ ನಾಲಿಗೆಯನ್ನು ತಡೆಯುವವರು ಊರಲ್ಲಿ ಯಾರೂ ಉಳಿಯಲಿಲ್ಲ.

ಹೊರಗಿನ ದ್ವೀಪದಿಂದ ಮದುವೆಯಾಗಿ ಬಂದವಳು ಅವಳು. ಬಂದ ದಿನವೇ ಹಡಗು ನಿಲ್ಲುವ ದಕ್ಕೆಯ ಮೇಲೆ ನಿಂತು, "ಇದೇನಾ ನಿಮ್ಮ ದೊಡ್ಡ ಬಂದರು? ನಮ್ಮೂರ ಬಚ್ಚಲು ಇದಕ್ಕಿಂತ ಅಗಲ ಇದೆ" ಅಂದಳಂತೆ. ಅತ್ತೆ ಮನೆಯವರು ನಕ್ಕರು, ಹೊಸಬಳು ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡು. ತಮಾಷೆ ಅಲ್ಲ ಅಂತ ಗೊತ್ತಾಗಲು ಒಂದು ವಾರ ಸಾಕಾಯಿತು. ದಕ್ಕೆಯ ಮೂಲೆಯಲ್ಲಿ ಅಂಗಡಿ ಹಾಕಿದಳು. ಮೀನನ್ನು ಅರೆದು, ಬಿಲ್ಲೆ ತಟ್ಟಿ, ಎಣ್ಣೆಯಲ್ಲಿ ಕರಿದು ಮಾರುವುದು. ಬಾಣಲೆ ಒಲೆ ಮೇಲೆ, ಬಾಯಿ ಗಿರಾಕಿ ಮೇಲೆ. ಬಿಸಿ ಬಿಲ್ಲೆ ತಿನ್ನಬೇಕು ಅಂದರೆ ಅದರ ಜೊತೆ ಎರಡು ಬೈಗುಳವನ್ನೂ ನುಂಗಬೇಕು. ಜನ ಎರಡನ್ನೂ ನುಂಗುತ್ತಿದ್ದರು, ಯಾಕೆಂದರೆ ಬಿಲ್ಲೆ ಅಷ್ಟು ಚೆನ್ನಾಗಿತ್ತು. ಈಸೆ ಮುದುಕಿ ಮಾತ್ರ ಕೊನೆಯವರೆಗೂ ಒಂದನ್ನೂ ಬಾಯಿಗಿಡಲಿಲ್ಲ. ಅಂಗಡಿ ಮುಂದೆ ಹಾದುಹೋಗುವಾಗ ಮೂಗು ಮುಚ್ಚಿಕೊಂಡು, "ಹೋದ ವರ್ಷದ ಎಣ್ಣೆ" ಅನ್ನುತ್ತಿದ್ದಳು. ಇವಳು, "ಹೋದ ಶತಮಾನದ ಮುದುಕಿ" ಅನ್ನುತ್ತಿದ್ದಳು. ನಲವತ್ತು ವರ್ಷ ಇದೇ ನಡೆಯಿತು. ಒಂದು ದಿನ ಈಸೆ ಬರದಿದ್ದರೆ ಕಿನುಯಕ್ಕ ರಸ್ತೆಗೆ ಇಳಿದು ಇಣುಕಿ ನೋಡುತ್ತಿದ್ದಳು ಅನ್ನುವುದೂ ನಿಜ.

ಮೊರಿಯೊ ಹಗ್ಗದವನು. ಹಡಗು ಬಂದಾಗ ಮೇಲಿಂದ ಎಸೆದ ಹಗ್ಗ ಹಿಡಿದು ದಕ್ಕೆಯ ಕಬ್ಬಿಣದ ಗೂಟಕ್ಕೆ ಸಿಕ್ಕಿಸುವುದು, ಹೊರಟಾಗ ಬಿಡಿಸಿ ನೀರಿಗೆ ಬಿಡುವುದು, ಇಷ್ಟೇ ಅವನ ಕೆಲಸ. ಬಿಡಿಸಿದ ಮೇಲೆ ಉಳಿದವರು ಸಿಗರೇಟು ಹಚ್ಚಿಕೊಂಡರೆ ಇವನು ಟೋಪಿ ತೆಗೆದು, ಹಡಗು ಬಂದರಿನ ಬಾಯಿಯ ತಡೆಗೋಡೆ ದಾಟುವವರೆಗೆ ಬಾಗಿ ನಿಲ್ಲುತ್ತಿದ್ದ. ಮೀನಿನ ಹಡಗಾದರೂ ಸೈ, ಸಿಮೆಂಟಿನ ಹಡಗಾದರೂ ಸೈ. ಕಿನುಯಕ್ಕನಿಗೆ ಇದನ್ನು ನೋಡಿದರೆ ಮೈಯೆಲ್ಲ ಉರಿ.

"ಆ ಹಡಗು ನಿನ್ನ ಹೆಸರು ಕೇಳಿತ್ತಾ?"

"ಇಲ್ಲ."

"ಚೆನ್ನಾಗಿದೀಯಾ ಅಂತ ಕೇಳಿತ್ತಾ?"

"ಇಲ್ಲ."

"ಮತ್ಯಾಕೆ ಸೊಂಟ ಮುರ್ಕೊಂಡು ನಿಲ್ತೀಯಾ?"

"ಸುಮ್ನೆ."

ನಲವತ್ತಕ್ಕೂ ಹೆಚ್ಚು ವರ್ಷದ ಸಂಸಾರದಲ್ಲಿ ಅವಳಿಗೆ ಸಿಕ್ಕ ಉತ್ತರ ಇದೊಂದೇ. ಮಕ್ಕಳಾಗಲಿಲ್ಲ. ಬೈಯಲು ಅವನೊಬ್ಬನೇ ಇದ್ದ, ಬೈಸಿಕೊಂಡು ಆರಾಮಾಗಿದ್ದ.

ಇನ್ನು ಊರಿನ ವಿಷಯ. ಮೀನು ಕಮ್ಮಿಯಾಯಿತು, ಸಿಮೆಂಟಿನ ಹಡಗು ಬೇರೆ ಬಂದರಿಗೆ ಹೋಯಿತು, ನಮ್ಮವರಿಗೆ ಏಕಾಏಕಿ ಇತಿಹಾಸ ನೆನಪಾಯಿತು. ನಾನೂರು ವರ್ಷದ ಹಿಂದೆ ದೂರದೇಶದ ಹಡಗುಗಳು ಇಲ್ಲಿ ನಿಲ್ಲುತ್ತಿದ್ದುವಂತೆ. ನಿಂತದ್ದು ಕೆಲವೇ ವರ್ಷ. ಆಮೇಲೆ ಆ ಹಡಗಿನವರು ನಮ್ಮ ದೊರೆಯ ಜೊತೆ ಜಗಳವಾಡಿ ಪಕ್ಕದ ಕೊಲ್ಲಿಗೆ ಹೋದರು, ತಿರುಗಿ ನೋಡಲಿಲ್ಲ. ಅವರು ಬಿಟ್ಟುಹೋದದ್ದು ಒಂದು ಕಲ್ಲಿನ ಉಗ್ರಾಣ. ಮೊನ್ನೆ ಮೊನ್ನೆಯವರೆಗೂ ಅದರಲ್ಲಿ ಮೀನುಗಾರರು ಐಸು ತುಂಬುತ್ತಿದ್ದರು. ಈಗ ಅದಕ್ಕೆ ಬಣ್ಣದ ದೀಪ, ಗಾಜಿನ ಬಾಗಿಲು, ನಾಲ್ಕು ಭಾಷೆಯ ಬೋರ್ಡು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ ಮೀನಿಲ್ಲದ ದಕ್ಕೆಗೆ ಕಲ್ಲು ಹಾಸಿದರು. 'ಇತಿಹಾಸದ ಬಂದರು ನಗರಗಳ ಯಾನ' ಅಂತ ಪ್ರವಾಸಿ ಹಡಗುಗಳು ಹೊರಡುತ್ತವಂತೆ, ಅದರ ಪಟ್ಟಿಯಲ್ಲಿ ನಮ್ಮೂರೂ ಸೇರಿತು.

ಇದಕ್ಕೆಲ್ಲ ಮುಂದಾಳು ಕಗಾಯಾ, ಈಸೆಯ ಮಗ. ತಾಯಿ ಮಾಡುತ್ತಿದ್ದ ಜೇನಿನ ಕೇಕಿನ ಮೇಲೆ ಹಡಗಿನ ಚಿತ್ರ ಒತ್ತಿ ಮಾರಿದವನು. ಹಡಗು ಸ್ವಾಗತ ಸಮಿತಿಗೆ ತಾನೇ ಅಧ್ಯಕ್ಷನಾದ. ನೀಲಿ ಅಂಗಿ ಹೊಲಿಸಿದ, ಬೆನ್ನ ಮೇಲೆ ಲಂಗರಿನ ಗುರುತು. ಕೈಯಲ್ಲಿ ಒಂದು ಮೈಕು ಬೇರೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಹಡಗಿಲ್ಲದ ದಿನವೂ ಆ ಮೈಕು ಕುತ್ತಿಗೆಗೆ ನೇತುಹಾಕಿಕೊಂಡು ತಿರುಗುತ್ತಿದ್ದ.

ಬಂದವರಾದರೂ ಏನು ನೋಡಿದರು? ಬೆಳಿಗ್ಗೆ ಹಡಗಿನ ಹೊಟ್ಟೆಯಿಂದ ಸಾವಿರ ಸಾವಿರ ಜನ ಇಳಿಯುವುದು, ದಕ್ಕೆಯ ಮೇಲೇ ನಿಂತ ಬಸ್ಸುಗಳಿಗೆ ಹತ್ತುವುದು, ಗುಡ್ಡದಾಚೆಯ ದೊಡ್ಡ ಪೇಟೆಯಲ್ಲಿ ಔಷಧಿ ಅಂಗಡಿಗೆ ಹೋಗಿ ಹೊಟ್ಟೆನೋವಿನ ಮಾತ್ರೆ, ಕಣ್ಣಿನ ಹನಿ, ಮುಖಕ್ಕೆ ಹಚ್ಚುವ ಲೇಪ ಚೀಲಗಟ್ಟಲೆ ಹೊತ್ತು ತರುವುದು. ನೇರ ಹಡಗು ಹತ್ತುವುದು. ಉಳಿದ ಕೆಲವರು ಕಲ್ಲುಬೀದಿಯಲ್ಲಿ ಅಲೆದು, ಗೋಡೆಯ ಮೇಲಿನ ಬೆಕ್ಕಿನ ಫೋಟೋ ತೆಗೆದು, ಕಕ್ಕಸು ಎಲ್ಲಿ ಅಂತ ಕೇಳುತ್ತಿದ್ದರು. ಒಬ್ಬಳು ಕಿನುಯಕ್ಕನ ಬಿಲ್ಲೆ ಎತ್ತಿ ಮೂಸಿ, ಮುಖ ಹಿಂಡಿ, ಇದ್ದಲ್ಲೇ ಇಟ್ಟಳು. ಕಿನುಯಕ್ಕ ನಗುನಗುತ್ತಾ ನಮ್ಮ ಭಾಷೆಯಲ್ಲಿ ಅವಳ ಏಳು ತಲೆಮಾರನ್ನು ಜಾಲಾಡಿದಳು. ಅವಳೂ ನಗುತ್ತಾ ತಲೆಬಾಗಿಸಿ ಹೋದಳು.

"ಇತಿಹಾಸ ನೋಡೋಕೆ ಬರ್ತಾರಂತೆ," ಅನ್ನುತ್ತಿದ್ದಳು ಕಿನುಯಕ್ಕ. "ನಮ್ಮ ಇತಿಹಾಸ ಕಂಡ್ರೆ ಹೊಟ್ಟೆ ಕೆಡತ್ತೆ ಅಂತ ಮೊದಲೇ ಮಾತ್ರೆ ತಗೊಳ್ಳೋಕೆ ಓಡ್ತಾರೆ ನೋಡು."

ಮೊರಿಯೊ ಈ ಪ್ರವಾಸಿ ಹಡಗುಗಳಿಗೂ ಬಾಗುತ್ತಿದ್ದ. ಆ ತೇಲುವ ಕಟ್ಟಡಗಳಿಗೆ ಉಳಿದ ಹಡಗುಗಳಿಗಿಂತ ಹೆಚ್ಚು ಹೊತ್ತು ಬಾಗುತ್ತಿದ್ದ, ಯಾಕೆಂದರೆ ತಡೆಗೋಡೆ ದಾಟಿದ ಮೇಲೂ ಅವು ಬಹಳ ಹೊತ್ತು ಕಾಣುತ್ತಿದ್ದುವು.

ಅವನು ಸತ್ತ ಮೇಲೆ ಬಂದ ಮೊದಲ ಆಗಸ್ಟ್. ಹಿರಿಯರ ಹಬ್ಬ. ಆ ವರ್ಷ ಸಾವಾದ ಮನೆಗಳಲ್ಲಿ ದೋಣಿ ಕಟ್ಟುತ್ತಾರೆ. ಹದಿಮೂರರ ಸಂಜೆ ಬಾಗಿಲಲ್ಲಿ ಬೆಂಕಿ ಹಚ್ಚಿ ಸತ್ತವರನ್ನು ಬರಮಾಡಿಕೊಳ್ಳುವುದು, ಎರಡು ದಿನ ಉಪಚಾರ ಮಾಡುವುದು, ಹದಿನೈದರ ಮುಸ್ಸಂಜೆ ಕೊನೆಯ ಊಟ ಬಡಿಸಿ, ದೋಣಿಗೆ ದೀಪ ಹಚ್ಚಿ, ಗಂಟೆ ಬಡಿಯುತ್ತಾ ಪಟಾಕಿ ಹೊಡೆಯುತ್ತಾ ದಕ್ಕೆಗೆ ಹೊತ್ತೊಯ್ದು ಕಳಿಸುವುದು. ಬರಮಾಡಿಕೊಳ್ಳುವುದು ಬೇಗ, ಕಳಿಸುವುದು ನಿಧಾನ. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಬರುವಾಗ ಬೇಗ ಬರಲಿ ಅಂತ ಸೌತೆಕಾಯಿಗೆ ಕಡ್ಡಿ ಚುಚ್ಚಿ ಕುದುರೆ, ಹೋಗುವಾಗ ತಡವಾಗಲಿ ಅಂತ ಬದನೆಕಾಯಿಯ ಹಸು. ಮೊದಲ ವರ್ಷ ದೋಣಿಯಲ್ಲಿ ಕಳಿಸದಿದ್ದರೆ ಸತ್ತವರು ದಾರಿ ಸಿಗದೆ ಬಂದರಿನಲ್ಲೇ ಅಲೆಯುತ್ತಾರೆ ಅನ್ನುತ್ತಾರೆ. ಮೊರಿಯೊನ ದೋಣಿಯನ್ನು ಅವನ ಜೊತೆಯ ಹಗ್ಗದವರೇ ಜೂನ್ ತಿಂಗಳಲ್ಲೇ ಕಟ್ಟಿ ಮುಗಿಸಿ ಅವಳ ಓಣಿಯಲ್ಲಿ ಇಟ್ಟಿದ್ದರು. ಬಿದಿರು, ಹಲಗೆ, ಹುಲ್ಲಿನ ಮೂತಿ. ಎತ್ತಲು ಎಂಟು ಹೆಗಲು ಬೇಕು.

ಜುಲೈಯಲ್ಲಿ ಕಗಾಯಾ ಸಭೆ ಕರೆದ. ಏಳು ಮನೆಯಲ್ಲಿ ಹೊಸ ಸಾವು, ಏಳೂ ಮನೆಯವರು, ದೋಣಿ ಹೊರುವವರು ಬಂದಿದ್ದರು. ಅವನ ಮನೆಯೂ ಅದರಲ್ಲೊಂದು.

"ಹದಿನೈದಕ್ಕೆ ಇದುವರೆಗೆ ಬಂದಿರದಷ್ಟು ದೊಡ್ಡ ಹಡಗು ಬರ್ತಾ ಇದೆ," ಅಂದ ಕಗಾಯಾ. ಅಷ್ಟು ಚಿಕ್ಕ ಕೋಣೆಯಲ್ಲೂ ಮೈಕಿನಲ್ಲೇ ಅಂದ. "ಮೆರವಣಿಗೆ ನೋಡೋಕೆ ಅವರಿಗೆ ತುಂಬಾ ಆಸೆಯಂತೆ. ನೋಡಿ ಮೆಚ್ಚಿದ್ರೆ ಪ್ರತಿ ವರ್ಷ ಬರ್ತಾರಂತೆ. ಆದ್ರೆ ಹಡಗು ಹೊರಡೋದು ಸಾಯಂಕಾಲ ಐದಕ್ಕೆ. ಹಾಗಾಗಿ ಈ ಸಲ ಮಾತ್ರ ದೋಣಿಗಳು ಮಧ್ಯಾಹ್ನ ಎರಡಕ್ಕೆ ಹೊರಟರೆ..."

ಎಲ್ಲರೂ ಚಾಪೆಯ ಅಂಚು ನೋಡುತ್ತಾ ಕೂತರು. ನಮ್ಮ ಜನ ಹೀಗೆಯೇ. ಬೇಡ ಅನ್ನಲು ಬಾಯಿ ಬರುವುದಿಲ್ಲ, ಸುಮ್ಮನಿದ್ದೇ ಹೂಂ ಅಂದಂತೆ ಮಾಡುತ್ತಾರೆ, ಆಮೇಲೆ ಮನೆಗೆ ಹೋಗಿ ಹೆಂಡತಿಯ ಮೇಲೆ ಹಾರಾಡುತ್ತಾರೆ.

ಕಿನುಯಕ್ಕ ಎದ್ದಳು.

"ಲೋ ಕಗಾಯಾ, ನಿಮ್ಮನೆಗೆ ಬಂದ ನೆಂಟರನ್ನ ಊಟಕ್ಕೆ ಮುಂಚೆ ಕತ್ತು ಹಿಡಿದು ಆಚೆ ದಬ್ತೀಯೇನೋ?"

"ಹಾಗಲ್ಲ ಕಿನುಯಕ್ಕಾ, ಈ ಸಲ ಮಾತ್ರ..."

"ಸತ್ತೋರಿಗೆ ಮೊದಲನೇ ಸಲ ಅನ್ನೋದು ಒಂದೇ ಸಲ ಕಣೋ. ಬದನೆಕಾಯಿ ಹಸು ಹತ್ತಿ ಹೋಗೋರು ಅವರು. ಎರಡು ಗಂಟೆ ಬಸ್ಸು ಹಿಡಿಯೋಕೆ ಆಗತ್ತಾ? ಅದ್ಯಾವನೋ ಚಡ್ಡಿ ಹಾಕ್ಕೊಂಡು ಐಸ್‌ಕ್ರೀಂ ನೆಕ್ಕೋನು ನೋಡ್ಲಿ ಅಂತ ನನ್ನ ಗಂಡ ಬಿಸಿಲಲ್ಲಿ ಹೋಗ್ಬೇಕಾ?"

ಯಾರೋ ಹಿಂದಿನಿಂದ, "ಊರೆಲ್ಲಾ ಒಂದು ದಾರಿಯಾದ್ರೆ ಎಡವಟ್ಟನದೇ ಒಂದು ದಾರಿ" ಅಂದರು. ಎರಡು ಮೂರು ಜನ ನಕ್ಕರು. ಆಗ ಹಗ್ಗದವರ ಮುಖ್ಯಸ್ಥ ಹಿರೊನಾಗಾ ಎದ್ದ. ಮೊರಿಯೊನ ಕೈಕೆಳಗೆ ಕೆಲಸ ಕಲಿತವನು, ಒಳ್ಳೆಯವನು, ಅದಕ್ಕೇ ಅವನ ಮಾತು ಚುಚ್ಚಿತು.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಮೊರಿಯಣ್ಣನಿಗೆ ಹಡಗು ಅಂದ್ರೆ ಪ್ರಾಣ. ಅಷ್ಟು ದೊಡ್ಡ ಹಡಗಿನ ಮುಂದೆ ಹೋಗೋದು ಅಂದ್ರೆ ಅವರಿಗೇ ಖುಷಿ ಆಗ್ತಿತ್ತು, ಅಲ್ವಾ?"

ನಿಜ. ಖುಷಿ ಆಗುತ್ತಿತ್ತು. ಅವನೇ ಇದ್ದಿದ್ದರೆ ದೋಣಿಯಿಂದ ಎದ್ದು ನಿಂತು ಹಡಗಿಗೆ ಬಾಗುತ್ತಿದ್ದ, ಪೆದ್ದ. ಇದು ಕಿನುಯಕ್ಕನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದಕ್ಕೇ ಅವಳಿಗೆ ರೇಗಿತು. "ನನ್ನ ಗಂಡನ ಖುಷಿ ನನಗೆ ಹೇಳಿಕೊಡೋಕೆ ಬಂದ್ಯಾ? ಹಗ್ಗ ಹಿಡಿದೂ ಹಿಡಿದೂ ನಿಮ್ಮ ಬೆನ್ನುಮೂಳೆನೂ ಹಗ್ಗ ಆಗೋಗಿದೆ, ಯಾರು ಎಳೆದ್ರೂ ಆ ಕಡೆ ಬರುತ್ತೆ" ಅಂದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಬಾಯಿಬಿಡದ ಐದು ಮನೆಯವರನ್ನೂ ಹೆಸರು ಹಿಡಿದು ಒಬ್ಬೊಬ್ಬರಾಗಿ ತೊಳೆದಳು. ಯಾರ ಮಾವ ಯಾವಾಗ ಏನು ಮಾಡಿದ್ದ ಅನ್ನುವುದೂ ಹೊರಗೆ ಬಂತು. ಮೀನಂಗಡಿಯವನ ಹೆಂಡತಿ ಅತ್ತಳು.

ಹಿರೊನಾಗಾನ ಮುಖ ಕೆಂಪಾಯಿತು. "ಸರಿ ಅತ್ತಿಗೆ. ಎರಡು ಗಂಟೆಗಾದ್ರೆ ನಾವು ಹೊರ್ತೀವಿ. ಸಂಜೆಗೇ ಬೇಕು ಅಂದ್ರೆ ನೀವೇ ಹೊತ್ಕೊಳ್ಳಿ. ಐದಕ್ಕೆ ಹಡಗು ಬಿಡಿಸಬೇಕು, ಆಮೇಲೆ ಸಮಿತಿಯವರ ಪಾರ್ಟಿ ಇದೆ."

"ಹೊತ್ಕೋತೀನಿ. ನಿಮ್ಮಂಥೋರ ಹೆಗಲಿಗಿಂತ ನನ್ನ ಸೊಂಟವೇ ಗಟ್ಟಿ" ಅಂತ ಹೇಳಿ ಹೊರಬಂದಳು. ಮನೆ ತಲುಪುವ ಮೊದಲೇ ಲೆಕ್ಕ ಹಾಕಿದಳು. ಎಂಟು ಹೆಗಲಿನ ದೋಣಿ, ಅವಳಿಗಿರುವುದು ಎರಡು, ಅದರಲ್ಲೂ ಎಡದ್ದು ಮೇಲಕ್ಕೆ ಏಳುವುದಿಲ್ಲ. ಕ್ಷಮಿಸಿ ಅಂತ ಒಂದು ಮಾತು ಹೇಳಿದ್ದರೆ ಹಿರೊನಾಗಾ ಕರಗುತ್ತಿದ್ದ. ಆ ಮಾತು ಅವಳ ಬಾಯಿಗೆ ಅಭ್ಯಾಸವೇ ಇರಲಿಲ್ಲ.

ಹದಿಮೂರರಂದು ಬಿಸಿಲು ಇಳಿಯುವ ಮುಂಚೆಯೇ ಬಾಗಿಲಲ್ಲಿ ಬೆಂಕಿ ಹಚ್ಚಿದಳು. ಪಕ್ಕದ ಮನೆಯವರು ಇನ್ನೂ ಮಧ್ಯಾಹ್ನದ ನಿದ್ದೆಯಲ್ಲಿದ್ದರು.

"ಬಂದ್ಯಾ? ಚಪ್ಪಲಿ ಸರಿಯಾಗಿ ಬಿಡು. ಏನು ಸೊರಗಿದೀಯಾ? ಅಲ್ಲಿ ಊಟ ಹಾಕಲ್ವಾ?"

ಆ ಎರಡು ದಿನ ಅವಳು ಬಾಯಿ ಮುಚ್ಚಲಿಲ್ಲ. ಮನೆಯ ಹಿರಿಯರ ಪೀಠದ ಮೇಲಿನ ಅವನ ಫೋಟೋಗೆ ಬೆಳಗಿನ ಚಹಾ ಇಟ್ಟು ಬೈದಳು, ಬಿಸಿ ಬಿಲ್ಲೆ ಇಟ್ಟು ಬೈದಳು. ಚಳಿಗಾಲದಲ್ಲಿ ಕೆಮ್ಮು ಬಂದಾಗಲೇ ಡಾಕ್ಟರ ಹತ್ತಿರ ಹೋಗು ಅಂದಿರಲಿಲ್ಲವಾ ಅಂತ ಬೈದಳು. ಕಗಾಯಾನ ನೀಲಿ ಅಂಗಿಯಿಂದ ಹಿಡಿದು ಹಿರೊನಾಗಾನ ಉದ್ಧಟತನದವರೆಗೆ ಊರ ಸುದ್ದಿಯನ್ನೆಲ್ಲ ಒಪ್ಪಿಸಿದಳು. ರಾತ್ರಿ ಅವನ ಹಾಸಿಗೆಯನ್ನೂ ಹಾಸಿದಳು. ಚಳಿಗಾಲದ ನಂತರ ಮೊದಲ ಸಲ ಅವಳಿಗೆ ಚೆನ್ನಾಗಿ ಹಸಿವಾಯಿತು, ಕಣ್ತುಂಬ ನಿದ್ದೆ ಬಂತು.

ಹದಿನೈದು ಬಂತು, ಹಡಗೂ ಬಂತು. ಗುಡ್ಡ ಮರೆಯಾಗುವಷ್ಟು ದೊಡ್ಡದು. ಊರಿನ ಅರ್ಧ ಭಾಗಕ್ಕೆ ಬೆಳಗಿನ ಬಿಸಿಲೇ ಬೀಳಲಿಲ್ಲ. ಶಾಲೆಯ ಮೇಷ್ಟ್ರುಗಳ ಬ್ಯಾಂಡು, ಕಗಾಯಾನ ಮೈಕು, ಬಾವುಟ ಆಡಿಸುವ ಮುದುಕರು. ಜನ ಇಳಿದರು. ಬಾವುಟದ ಮುಂದೆಯೇ ಹಾದು ಬಸ್ಸು ಹತ್ತಿದರು. ಬಸ್ಸುಗಳು ಗುಡ್ಡದಾಚೆಗೆ ಹೋದುವು.

"ಎರಡಕ್ಕೆ ಸರಿಯಾಗಿ ವಾಪಸ್ ಬರ್ತಾರೆ," ಅಂತ ಕಗಾಯಾ ಎಲ್ಲರಿಗೂ ಹೇಳುತ್ತಾ ಓಡಾಡಿದ. "ಮೆರವಣಿಗೆಗೆ ಅಂತಲೇ ಬೇಗ ಬರ್ತಾರೆ."

ಎರಡು ಹೊಡೆಯಿತು. ಬಸ್ಸು ಬರಲಿಲ್ಲ. ಹಬ್ಬದ ದಿನ ಗುಡ್ಡದ ರಸ್ತೆಯಲ್ಲಿ ವಾಹನ ಜಾಸ್ತಿ ಅಂತ ನಮ್ಮೂರ ನಾಯಿಗೂ ಗೊತ್ತು, ಸಮಿತಿಗೆ ಗೊತ್ತಿರಲಿಲ್ಲ. ಸ್ವಲ್ಪ ಕಾದರು. ಕಲ್ಲುಹಾಸಿನ ಮೇಲೆ ಕಾಲಿಡಲಾಗದ ಬಿಸಿಲು, ಹೊರುವವರ ಬೆವರು ಕಣ್ಣಿಗೆ ಇಳಿಯುತ್ತಿತ್ತು. ಕೊನೆಗೆ ಹೊರಟರು. ದೋಣಿಗೆ ಹಚ್ಚಿದ ದೀಪಗಳು ಆ ಬಿಸಿಲಲ್ಲಿ ಉರಿಯುತ್ತಿವೆಯೋ ಇಲ್ಲವೋ ಕಾಣಲಿಲ್ಲ. ಪಟಾಕಿ ಇಲ್ಲ, ಶಬ್ದಕ್ಕೆ ಅತಿಥಿಗಳು ಬೆಚ್ಚುತ್ತಾರೆ ಅಂತ ಹಡಗಿನವರು ಬೇಡ ಅಂದಿದ್ದರು. ಗಂಟೆಯನ್ನೂ ಮೆಲ್ಲಗೆ ಬಡಿದರು. ಹಡಗಿನ ಮೇಲಿನ ಬಾಲ್ಕನಿಗಳಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಕಂಡರು. ಒಬ್ಬ ನಿಜವಾಗಿಯೂ ಈಜುಚಡ್ಡಿಯಲ್ಲೇ ಇದ್ದ. ಸತ್ತವರಿಗೆ ಕೈಬೀಸಿದ.

ದಕ್ಕೆಯ ಕೊನೆಯಲ್ಲಿ ದೋಣಿಗಳನ್ನು ಒಡೆಯುವ ಯಂತ್ರ ನಿಂತಿರುತ್ತದೆ. ಈಗ ಸಮುದ್ರಕ್ಕೆ ಬಿಡುವ ಹಾಗಿಲ್ಲವಲ್ಲ, ಪ್ರಾರ್ಥನೆ ಮುಗಿಸಿ ಅಲ್ಲೇ ಮುರಿಯುತ್ತಾರೆ. ಅತಿಥಿಗಳಿಗೆ ಕಾಣಬಾರದು ಅಂತ ಈ ಸಲ ಅದರ ಸುತ್ತ ನೀಲಿ ಟಾರ್ಪಾಲು ಕಟ್ಟಿದ್ದರು. ಟಾರ್ಪಾಲಿನ ಹಿಂದೆ ಕರಕರ ಸದ್ದು, ಮುಂದೆ ಕಗಾಯಾ ಮೈಕು ಹಿಡಿದು, "ನಮ್ಮ ನಾನೂರು ವರ್ಷದ ಪರಂಪರೆ" ಅನ್ನುತ್ತಿದ್ದ.

ಕಿನುಯಕ್ಕ ಬಾಣಲೆಯ ಮುಂದೆ ನಿಂತು ಎಲ್ಲವನ್ನೂ ನೋಡಿದಳು. "ನೋಡು ನೋಡು, ಆರು ಹೆಣ ಎರಡನೇ ಸಲ ಸಾಯ್ತಾ ಇವೆ" ಅಂತ ಎಣ್ಣೆಗೆ ಹೇಳಿದಳು. ಈಸೆಯ ದೋಣಿ ಅಂಗಡಿ ಮುಂದೆ ಬಂದಾಗ ಮಾತ್ರ ಜಾಲರಿ ಸೌಟು ಕೆಳಗಿಟ್ಟು ಕೈಮುಗಿದಳು. ಮುದುಕಿ ಮೂಗು ಮುಚ್ಚಿಕೊಳ್ಳದೆ ಹೋದದ್ದು ಅದೇ ಮೊದಲು.

"ಊಟನೂ ಮಾಡದೆ ಹೋಗ್ತಾ ಇದೀಯಲ್ಲೇ," ಅಂದಳು.

ಬಸ್ಸುಗಳು ಬಂದಾಗ ಐದಾಗಲು ಹೆಚ್ಚು ಹೊತ್ತಿರಲಿಲ್ಲ. ಜನ ಚೀಲ ಎದೆಗವಚಿಕೊಂಡು ಹಡಗಿನತ್ತ ಓಡಿದರು. ಬ್ಯಾಂಡು ಅವರ ಬೆನ್ನಿಗೆ ಬಾರಿಸಿತು. ಹಿರೊನಾಗಾನ ಹುಡುಗರು ಹಗ್ಗ ಬಿಡಿಸಿದರು, ಹಡಗು ಕೂಗಿ ಹೊರಟಿತು. ಊರು ಕೈ ನೋಯುವಷ್ಟು ಬೀಸಿತು. ಆಮೇಲೆ ಎಲ್ಲರೂ ಸಭೆಯ ಮನೆಗೆ ಬಿಯರ್ ಕುಡಿಯಲು ಹೋದರು.

ಮುಸ್ಸಂಜೆ. ಕಿನುಯಕ್ಕ ಕೊನೆಯ ಊಟ ಬಡಿಸಿದಳು. ಅಕ್ಕಿಹಿಟ್ಟಿನ ಉಂಡೆ, ತಣ್ಣನೆ ಶಾವಿಗೆ, ಗರಿಗರಿ ಬಿಲ್ಲೆ. ಫೋಟೋವನ್ನು ದೋಣಿಯಲ್ಲಿಟ್ಟು ದೀಪಗಳನ್ನೆಲ್ಲ ಹಚ್ಚಿದಳು. ಓಣಿಯೆಲ್ಲ ಹೊಂಬಣ್ಣವಾಯಿತು. ಮೀನು ತರುವ ಕೈಗಾಡಿಯನ್ನು ದೋಣಿಯ ಕೆಳಗೆ ನೂಕಿ, ಒಂದು ತುದಿ ಎತ್ತಿ ಕೂರಿಸಲು ನೋಡಿದಳು. ದೋಣಿ ವಾಲಿತು, ಎರಡು ದೀಪ ಆರಿದುವು. ಇನ್ನೊಂದು ಕಡೆಯಿಂದ ಎತ್ತಿದಳು. ಗಾಡಿಯ ಚಕ್ರ ಓರೆಯಾಗಿ ಕೂತೇಬಿಟ್ಟಿತು. ಅವಳು ನೆಲದ ಮೇಲೆ ಕೂತು ಗಾಡಿಯನ್ನು ಬೈದಳು, ದೋಣಿ ಕಟ್ಟಿದವರನ್ನು ಬೈದಳು. ಇಷ್ಟು ಭಾರ ಇದ್ದೀಯಲ್ಲೋ ಸತ್ತ ಮೇಲೂ ಅಂತ ಅವನನ್ನೂ ಬೈದಳು. ಭಯವಾಯಿತು. ಈ ರಾತ್ರಿ ಇವನನ್ನು ಕಳಿಸಲಾಗದಿದ್ದರೆ, ನನ್ನ ಬಾಯಿಯ ದೆಸೆಯಿಂದ ಇವನು ದಕ್ಕೆಯ ಮೇಲೆ ಅಲೆಯುತ್ತಾನೆ ಅಂತ ನಿಜವಾಗಿಯೂ ಭಯವಾಯಿತು.

ಆಗ ಓಣಿಯಲ್ಲಿ ಕಾಲ ಸಪ್ಪಳ. ಕಗಾಯಾ ಬಂದ. ನೀಲಿ ಅಂಗಿ ಇಲ್ಲ, ಮೈಕಿಲ್ಲ, ಕೈಯಲ್ಲೊಂದು ಕಾಗದದ ದೀಪ, ಮೇಲೆ ಅವರ ಮನೆತನದ ಗುರುತು. ಹಿಂದೆ ಹಿರೊನಾಗಾ ಮತ್ತು ಹಗ್ಗದವರು, ಬಿಯರ್ ವಾಸನೆ ಹೊಡೆಯುತ್ತಾ, ತಲೆ ತಗ್ಗಿಸಿಕೊಂಡು.

"ಏನೋ, ಹಡಗು ತಪ್ಪಿಸಿಕೊಂಡ್ಯಾ?" ಅಂದಳು ಕಿನುಯಕ್ಕ. ನೆಲದಿಂದ ಎದ್ದು ಸೊಂಟದ ಧೂಳು ಕೊಡವಿಕೊಂಡಳು.

"ಕಿನುಯಕ್ಕಾ, ಒಂದು ಸಹಾಯ ಆಗ್ಬೇಕು."

"ಮೈಕಲ್ಲಿ ಹೇಳು, ಕೇಳಿಸಲ್ಲ."

ಕಗಾಯಾ ಹೇಳಿದ. ಮನೆಗೆ ಹೋದನಂತೆ. ಅಭ್ಯಾಸಬಲದಿಂದ ಅವನ ಹೆಂಡತಿ ಸಂಜೆಯ ಊಟವನ್ನು ಪೀಠದ ಮುಂದೆ ಇಟ್ಟುಬಿಟ್ಟಿದ್ದಳಂತೆ. ಉಂಡೆ, ಶಾವಿಗೆ ಎಲ್ಲ ಹಾಗೇ ಇತ್ತಂತೆ. "ಅಮ್ಮ ಹಸ್ಕೊಂಡು ಹೋದ್ಲು. ಅರ್ಧ ದಾರಿಯಿಂದ ವಾಪಸ್ ಬಂದಿದ್ರೂ ಬಂದಿರಬಹುದು. ಅಮ್ಮನನ್ನ ಈ ದೀಪಕ್ಕೆ ಕರೆದು, ಊಟ ತೋರಿಸಿ ತಂದಿದೀನಿ. ನಿಮ್ಮ ದೋಣಿಯಲ್ಲಿ ಒಂದು ಮೂಲೆ ಕೊಡಿ. ನಾವು ಹೊರ್ತೀವಿ."

ಹಿರೊನಾಗಾ ಬಾಗಿದ. "ತಪ್ಪಾಯ್ತು ಅತ್ತಿಗೆ. ಯಂತ್ರದವನನ್ನ ಕಾಯಿಸಿದೀನಿ. ಟಾರ್ಪಾಲು ಬಿಚ್ಚಿಸಿದೀನಿ."

ಕಿನುಯಕ್ಕ ದೀಪ ನೋಡಿದಳು. "ನನ್ನ ಬಿಲ್ಲೆ ವಾಸನೆ ಆಗದೋಳು ನನ್ನ ಗಂಡನ ದೋಣಿ ಹತ್ತಬೇಕಾ? ದಾರಿಯುದ್ದಕ್ಕೂ ಮೂಗು ಮುಚ್ಕೊಂಡು ಕೂರ್ತಾಳೆ." ದೀಪದ ಮೇಲಿನ ಗುರುತನ್ನು ಇನ್ನೊಮ್ಮೆ ನೋಡಿದಳು. "ಹಿಂದೆ ಇಡು. ಬಾಲದ ಹತ್ತಿರ. ಅಲ್ಲೇ ಕೂರ್ಲಿ."

ಕಗಾಯಾ ಇಟ್ಟ. ಎಂಟು ಜನ ಬೊಂಬಿಗೆ ಹೆಗಲು ಕೊಟ್ಟರು.

"ಇರ್ರೋ," ಅಂದಳು. ಒಳಗೆ ಹೋಗಿ ಇನ್ನೆರಡು ಬಿಲ್ಲೆ ಕರಿದು ತಂದಿಟ್ಟಳು.

ಮತ್ತೆ ಹೆಗಲು ಕೊಟ್ಟರು.

"ಇರ್ರೋ, ಆರಿದ ದೀಪ ಹಚ್ಚಬೇಕು." ಹಚ್ಚಿದಳು. ಆರದಿದ್ದ ದೀಪವನ್ನೂ ಆರಿಸಿ ಹಚ್ಚಿದಳು. ಅವನ ಟೋಪಿ ಹುಡುಕಲು ಒಳಗೆ ಹೋದಳು, ಅದು ಕಣ್ಣೆದುರೇ ಗೂಟದಲ್ಲಿತ್ತು, ಆದರೂ ಬಹಳ ಹೊತ್ತು ಬರಲಿಲ್ಲ. ಬಂದವಳು ಹುಲ್ಲಿನ ಮೂತಿ ಸೊಟ್ಟಗಿದೆ ಅಂತ ತಿದ್ದಲು ಕೂತಳು. ಸೊಟ್ಟಗಿರಲಿಲ್ಲ.

"ಕಿನುಯಕ್ಕಾ, ಪೂರ್ತಿ ಕತ್ತಲಾಯ್ತು," ಅಂದ ಕಗಾಯಾ.

"ಆಗ್ಲಿ."

"ಇನ್ನೇನು ಬಾಕಿ ಇದೆ?"

"ಏನೂ ಇಲ್ಲ." ಅವಳ ಕೈ ಹುಲ್ಲಿನ ಮೇಲೇ ಇತ್ತು. "ನಂಗೆ ಕಳಿಸೋಕೆ ಮನಸ್ಸಿಲ್ಲ ಕಣೋ. ಪದ್ಧತಿ, ಮರ್ಯಾದೆ ಅಂತೆಲ್ಲ ಊರಿನ ಮುಂದೆ ಕಿರುಚಾಡಿದೆ. ಎಲ್ಲಾ ಬೊಗಳೆ. ಎರಡು ಗಂಟೆಗೆ ಹೋಗೋನು ಸಂಜೆ ತನಕ ಇರ್ತಾನಲ್ಲಾ, ಅಷ್ಟೇ ನನಗೆ ಬೇಕಾಗಿದ್ದು. ಈಗ ಸಂಜೆ ಆಗೋಯ್ತು."

ಹಗ್ಗದವರು ಬೇರೆ ಕಡೆ ನೋಡಿದರು. ಕಗಾಯಾ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. ಅವನ ಮುಖ ಅಷ್ಟು ಹತ್ತಿರದಿಂದ ನೋಡಿದಾಗ ಈಸೆಯ ಮುಖವೇ ಅನ್ನಿಸಿತು ಕಿನುಯಕ್ಕನಿಗೆ.

"ನಂಗೂ ಅದೇ ಅಕ್ಕಾ," ಅಂದ. "ಸಂಜೆ ತನಕ ಅಮ್ಮನ ಎದುರು ಕೂತಿರೋಕೆ ನನ್ನ ಕೈಲಿ ಆಗ್ತಿರಲಿಲ್ಲ. ಕೂತಿದ್ರೆ ಕಳಿಸ್ತಾನೇ ಇರಲಿಲ್ಲ. ಹಡಗು ಬರತ್ತೆ ಅಂದ್ರಲ್ಲ, ಅದೊಂದು ನೆವ ಸಿಕ್ತು. ಬಿಸಿಲಲ್ಲಿ, ಗಲಾಟೆಯಲ್ಲಿ, ಮೈಕು ಹಿಡ್ಕೊಂಡು ಕಳಿಸಿಬಿಟ್ಟೆ."

ಕಿನುಯಕ್ಕ ಅವನ ಭುಜ ಹಿಡಿದು ಎದ್ದಳು, ಮುಂದಿನ ಬೊಂಬಿನವನನ್ನು ಪಕ್ಕಕ್ಕೆ ತಳ್ಳಿ ತನ್ನ ಬಲ ಹೆಗಲು ಕೊಟ್ಟಳು.

"ನಿಮ್ಮಮ್ಮನ ದೀಪ ಹಿಂದೆ ಬೇಡ," ಅಂದಳು ಕಗಾಯಾನಿಗೆ. "ಮುಂದೆ ತಂದು ಮೊರಿಯೊ ಪಕ್ಕದಲ್ಲೇ ಇಡು. ದಾರಿಯಲ್ಲಿ ಅವನನ್ನ ಬೈಯೋಕೆ ಒಬ್ಬರು ಬೇಕಲ್ಲ."

ಕಗಾಯಾ ಇಟ್ಟ.

"ಹೂಂ, ಎತ್ರೋ."